ಹಾಜರಿ ಹಾಳೆಯ ಹಿಂಬದಿ

ಇಪ್ಪತ್ತೆರಡು ವರ್ಷಗಳ ನನ್ನ ಕೆಲಸದಲ್ಲಿ ಫಿಲ್ಮಿನೊಳಗೆ ಬೆರಳು ಬಿದ್ದದ್ದು ಎರಡೇ ಸಲ. ಮೊದಲನೆಯದು ಕೆಲಸ ಕಲಿಯುವಾಗ. ಹಾಳೆ ಸರಿಪಡಿಸಲು ಹೋದ ನನ್ನ ಹೆಬ್ಬೆರಳು ಕ್ಯಾಮೆರಾದ ಕೆಳಗೇ ಉಳಿದುಬಿಟ್ಟಿತ್ತು. ಕಲಿಸುತ್ತಿದ್ದ ಮೇಷ್ಟ್ರು ಫಿಲ್ಮನ್ನು ಬೆಳಕಿಗೆ ಹಿಡಿದು, "ಚಂದ್ರಕಲಾ, ಮುಂದಿನ ಐನೂರು ವರ್ಷ ಜನ ನಿನ್ನ ಉಗುರು ನೋಡಬೇಕೇನಮ್ಮಾ?" ಎಂದು ಎಲ್ಲರೆದುರು ಕೇಳಿದ್ದರು. ಅವತ್ತು ನನಗೆ ಊಟ ಸೇರಲಿಲ್ಲ. ಬೆರಳು ಬಿದ್ದ ಚಿತ್ರ ರದ್ದು, ಮತ್ತೆ ತೆಗೆಯಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಎರಡನೆಯ ಸಲ ಬೆರಳು ಬಿದ್ದದ್ದು ಹೋದ ವರ್ಷ, ಸಂಡೂರಿನಲ್ಲಿ. ಅದನ್ನು ನಾನು ರದ್ದು ಮಾಡಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ.

ನನ್ನ ಕೆಲಸ ಹಳೆಯ ದಾಖಲೆಗಳನ್ನು ಮೈಕ್ರೊಫಿಲ್ಮ್ ಮಾಡುವುದು. ಮೇಜಿನ ಮೇಲೆ ಹಾಳೆ, ಅದರ ಮೇಲೊಂದು ಗಾಜು, ಎರಡೂ ಬದಿಗೆ ದೀಪ, ತಲೆಯ ಮೇಲೆ ಕ್ಯಾಮೆರಾ, ಕಾಲ ಹತ್ತಿರ ಪೆಡಲು. ಪೆಡಲು ಒತ್ತಿದರೆ ಮೇಜಿನಗಲದ ಹಾಳೆ ಹೆಬ್ಬೆರಳಿನಗಲದ ಚಿತ್ರವಾಗಿ ಫಿಲ್ಮಿನ ಮೇಲೆ ಕೂರುತ್ತದೆ. ಒಂದು ರೋಲಿಗೆ ಆರುನೂರು ಚಿತ್ರ. "ಇದೆಲ್ಲ ಇನ್ನೂ ಇದೆಯಾ ಆಂಟಿ? ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರಾಯಿತಲ್ಲ" ಎನ್ನುವವರಿಗೆ ನನ್ನ ಉತ್ತರ ಒಂದೇ. ಕಂಪ್ಯೂಟರಿನಲ್ಲಿಟ್ಟದ್ದನ್ನು ಕೂತಲ್ಲೇ ತಿದ್ದಬಹುದು, ಅಳಿಸಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಫಿಲ್ಮಿನಿಂದ ಒಂದು ಚಿತ್ರ ತೆಗೆಯಬೇಕೆಂದರೆ ಕತ್ತರಿ ಹಾಕಬೇಕು, ತುದಿಗೆ ತುದಿ ಅಂಟಿಸಬೇಕು, ಆ ಅಂಟಿನ ಗುರುತು ಫಿಲ್ಮ್ ಇರುವಷ್ಟು ದಿನ ಇರುತ್ತದೆ. ನೋಡಲು ಕಂಪ್ಯೂಟರೂ ಬೇಡ. ಒಂದು ದೀಪ, ಒಂದು ಭೂತಗನ್ನಡಿ ಸಾಕು.

ತಿಮ್ಮನಗುಡ್ಡ ಅದಿರು ಕಂಪನಿಗೇನೂ ಫಿಲ್ಮಿನ ಮೇಲೆ ಪ್ರೀತಿ ಉಕ್ಕಿರಲಿಲ್ಲ. ಗಣಿ ಗುತ್ತಿಗೆ ಮುಂದುವರಿಸುವಾಗ ಸರ್ಕಾರ ಒಂದು ಷರತ್ತು ಹಾಕಿತ್ತು. ಹಳೆಯ ಕೂಲಿಕಾರರ ಹಾಜರಿ ದಾಖಲೆಗಳನ್ನೆಲ್ಲ ಫಿಲ್ಮ್ ಮಾಡಿಸಿ, ಇಂಥ ತಾರೀಖಿನೊಳಗೆ ಸರ್ಕಾರಿ ದಾಖಲೆ ಕಚೇರಿಗೆ ಒಪ್ಪಿಸಬೇಕು. ಅಲ್ಲಿ ಯಾರು ಬೇಕಾದರೂ ಅರ್ಜಿ ಕೊಟ್ಟು ನೋಡಬಹುದು. ಒಪ್ಪಿಸಿದ ಮೇಲೆ ಕಾಗದವನ್ನು ಕಂಪನಿ ಏನು ಬೇಕಾದರೂ ಮಾಡಿಕೊಳ್ಳಬಹುದು. ಏನು ಮಾಡಬೇಕೆಂದು ಕಂಪನಿ ಮೊದಲೇ ತೀರ್ಮಾನಿಸಿತ್ತು. ಕೊನೆಯ ರೋಲು ಹೋದ ಮರುದಿನ ರಟ್ಟಿನ ಕಾರ್ಖಾನೆಯ ಲಾರಿ ಬರುತ್ತದೆ.

ಹೊಸಪೇಟೆಯಿಂದ ಬೆಳಿಗ್ಗೆ ಏಳರ ಬಸ್ಸು ಹಿಡಿದು ನಾನು ಸಂಡೂರಿಗೆ ಹೋಗುತ್ತಿದ್ದೆ. ಅದಿರು ಲಾರಿಗಳ ಹಿಂದೆ ತೆವಳುವ ಬಸ್ಸಿನಿಂದ ಇಳಿಯುವಾಗ ನನ್ನ ಬಿಳಿ ದುಪಟ್ಟಾ ಕೆಂಪಗಾಗಿರುತ್ತಿತ್ತು. ಕಂಪನಿಯ ಹಳೆಯ ತೂಕದ ಮನೆಯನ್ನೇ ನನಗೆ ಕ್ಯಾಮೆರಾ ಕೋಣೆ ಮಾಡಿಕೊಟ್ಟಿದ್ದರು. ಪಕ್ಕದ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆಯುವುದೂ ನನ್ನದೇ ಕೆಲಸ. ದೂಳು ನಮ್ಮ ಕೆಲಸಕ್ಕೆ ಶತ್ರು. ಕಿಟಕಿಗಳ ಸಂದಿಗೆಲ್ಲ ಟೇಪು ಹಚ್ಚಿದ್ದೆ, ದಿನಕ್ಕೆ ಇಪ್ಪತ್ತು ಸಲ ಗಾಜು ಒರೆಸುತ್ತಿದ್ದೆ, ಆದರೂ ಅದು ಎಲ್ಲಿಂದಲೋ ಬಂದು ಕೂರುತ್ತಿತ್ತು.

ಕಂಪನಿಯ ಕಡೆಯಿಂದ ಈ ಕೆಲಸ ನೋಡಿಕೊಳ್ಳುತ್ತಿದ್ದವನು ಕಿರಣ್ ಕುಮಾರ್. ಕಂಪ್ಲಿಯ ಹುಡುಗ, ಮೂವತ್ತೆರಡು ಮೂವತ್ಮೂರು ಇರಬೇಕು. ಇಸ್ತ್ರಿ ಕೆಡದ ಅಂಗಿ, ಮಾತಿಗೊಮ್ಮೆ ಮೇಡಂ. ಕೆಟ್ಟವನು ಎಂದು ಹೇಳಲಾರೆ. ಕೆಟ್ಟವನಾಗಿದ್ದರೆ ಜಗಳ ಸಲೀಸಾಗಿರುತ್ತಿತ್ತು.

"ಮೇಡಂ, ಮುಂದಿನ ಬದಿ ಅಷ್ಟ ಹೊಡೀರಿ," ಎಂದು ಅವನು ಮೊದಲ ದಿನವೇ ಹೇಳಿದ್ದ. "ಹಿಂದ ಏನೂ ಇಲ್ಲ, ಖಾಲಿ. ಜಲ್ದಿ ಮುಗೀತೈತಿ."

ನಾನು ನಂಬಿದೆ. ಕಟ್ಟಿನಲ್ಲಿ ಮೇಲಿನ ನಾಲ್ಕು ಹಾಳೆ ತಿರುವಿ ನೋಡಿದೆ, ಖಾಲಿಯೇ ಇದ್ದವು. ಪ್ರತಿ ಹಾಳೆಯನ್ನೂ ತಿರುವಿ ನೋಡಬೇಕು ಎಂಬ ಎರಡನೆಯ ಪಾಠ ಮರೆತು ಹನ್ನೊಂದು ರೋಲು ಮುಗಿಸಿದೆ. ಇದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಹನ್ನೆರಡನೆಯ ರೋಲು ಹಾಕಿದ ದಿನ ಮುದುಕಮ್ಮ ಎಂಬವಳು ಬಂದಳು. ಅರವತ್ತೈದು ದಾಟಿದ ಹೆಂಗಸು. ಮೂರು ಮೆಟ್ಟಿಲು ಹತ್ತಿ ಬಾಗಿಲು ಹಿಡಿದು ನಿಂತು ಐದು ನಿಮಿಷ ಉಸಿರು ಹುಡುಕಿಕೊಂಡಳು. ಕಿರಣ್ ಒಳಗಿದ್ದ. ಅವಳು ಸೆರಗಿನಿಂದ ಒಂದು ಚೀಟಿ ತೆಗೆದು ಅವನಿಗೆ ಕೊಟ್ಟಳು. ಗಣಿ ದೂಳಿನಿಂದ ಎದೆ ಕೆಟ್ಟವರಿಗೆ ಚಿಕಿತ್ಸೆಯ ಕಾರ್ಡು ಕೊಡುವ ಸಮಿತಿಯೊಂದು ಬಳ್ಳಾರಿಯಲ್ಲಿ ಕೂತಿತ್ತು. ಕಾರ್ಡು ಇದ್ದರೆ ಔಷಧಿ, ಉಸಿರಾಟದ ಯಂತ್ರ ಎಲ್ಲ ಸಿಗುತ್ತದೆ. ಆದರೆ ಗಣಿಯಲ್ಲಿ ದುಡಿದದ್ದಕ್ಕೆ ಕಂಪನಿಯ ದಾಖಲೆ ತನ್ನಿ ಎಂದು ಸಮಿತಿಯವರು ಚೀಟಿಯಲ್ಲಿ ಬರೆದು ಕಳಿಸಿದ್ದರು.

ಕಿರಣ್ ಲ್ಯಾಪ್‌ಟಾಪಿನಲ್ಲಿ ಹುಡುಕಿ ತಲೆಯಾಡಿಸಿದ. "ನಿಮ್ಮ ಹೆಸರಿಲ್ಲಮ್ಮ. ಪಕ್ಕೀರಪ್ಪ ಅಂತ ಐತಿ."

"ಅಂವ ನನ್ನ ಗಂಡ. ಇದ ಕೆಮ್ಮಿನಾಗ ಹೋದ. ನಾನೂ ಬಂದೀನಪ್ಪಾ. ಹನ್ನೆರಡು ವರ್ಸ ದಿನಾ ಬಂದೀನಿ. ಇಲ್ಲ ಅಂದ್ರ ಹೆಂಗ?"

"ದಾಖಲೆದಾಗ ಇರಬೇಕಲ್ಲಮ್ಮ."

"ಐತಿ. ಹೆಬ್ಬೆಟ್ಟು ಒತ್ತೀನಿ. ಹಾಳಿ ಹಿಂದ."

ಕಿರಣ್ ನನ್ನ ಮುಖ ನೋಡಿ ಸಣ್ಣಗೆ ನಕ್ಕ, ಫೋನು ಬಂತೆಂದು ಹೊರಗೆ ಹೋದ. ನಾನು ಗಾಜು ಎತ್ತಿ, ಆಗಷ್ಟೇ ಚಿತ್ರ ತೆಗೆದಿದ್ದ ಹಾಳೆಯನ್ನು ತಿರುವಿದೆ. ನೇರಳೆ ಮಸಿಯ ಮೂವತ್ತು ಹೆಬ್ಬೆಟ್ಟುಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರ ಪಕ್ಕ ಚೊಕ್ಕ ಅಕ್ಷರದಲ್ಲಿ ಒಂದೊಂದು ಹೆಸರು. ನಿಂಗಕ್ಕ, ಹನುಮಪ್ಪನ ಜೋಡಿ. ಕೊಟ್ರಮ್ಮ, ಈರಣ್ಣನ ಜೋಡಿ. ಮುಂದಿನ ಹಾಳೆ ತಿರುವಿದೆ. ಅಲ್ಲೂ ಮೂವತ್ತು. ಇಡೀ ಕಟ್ಟು ತಿರುವಿದೆ. ಪ್ರತಿ ಕಟ್ಟಿನ ರಕ್ಷಣೆಗೆಂದು ಮೇಲಿಟ್ಟಿದ್ದ ನಾಲ್ಕು ಹಾಳೆಗಳ ಹಿಂಬದಿ ಮಾತ್ರ ಖಾಲಿ ಇದ್ದದ್ದು.

ಮುದುಕಮ್ಮನನ್ನು ಕೂರಿಸಿ ನೀರು ಕೊಟ್ಟೆ. "ಜೋಡಿ ಅಂದ್ರ ಏನ್ ಯವ್ವಾ?"

"ಗಂಡ ಹೆಂಡ್ತಿ ಕೂಡೇ ಬರಬೇಕಿತ್ತು ತಂಗೀ. ಒಬ್ಬನ್ನ ತಗೊಳ್ತಿದ್ದಿಲ್ಲ. ಅಂವ ಹಾರಿ ಹಾಕಿ ಕಲ್ಲು ಎಬ್ಬಸ್ತಿದ್ದ. ನಾ ಸುತ್ತಿಗಿಲೆ ಒಡದು, ಜರಡಿ ಹಿಡದು, ಬುಟ್ಟಿ ಹೊರ್ತಿದ್ದೆ. ಹಾಜರಿ ನಂಬರು ಅಂವಗ ಅಷ್ಟ. ಅವನ ಹೆಸರಿನ ಮುಂದ ಎರಡು ಅಂತ ಬರೀತಿದ್ರು. ಇಬ್ರು ಬಂದಾರ ಅಂತ."

"ಮತ್ತ ಹಿಂದ ಒತ್ತಿಸಿದ್ದು ಯಾರು?"

"ಹಾಜರಿ ಬರಿಯೋ ಅಂದಾನಪ್ಪ ಅಂತ ಒಬ್ಬಾತ ಇದ್ದ, ಭಾಳ ಒಳ್ಳೆಯಾತ. ಮುಂದ ಕಂಪನಿ ನಿಮಗ ಜಾಗ ಮಾಡಿಲ್ಲ, ಹಿಂದ ನಾ ಮಾಡೀನಿ, ಒತ್ತವ್ವ ಅಂತಿದ್ದ. ಹದಿನೈದು ದಿನಕ್ಕೊಮ್ಮಿ. ಎಲ್ಲಾರೂ ಸಾಲು ಹಚ್ಚಿ ಒತ್ತತಿದ್ವಿ."

ಅವಳನ್ನು ಕಳಿಸಿ ಹಾಳೆಯ ಮುಂಬದಿ ನೋಡಿದೆ. ಪಕ್ಕೀರಪ್ಪನ ಹೆಸರಿನ ಮುಂದೆ ಪ್ರತಿ ದಿನಕ್ಕೂ ಎರಡು ಎಂಬ ಅಂಕಿ. ಕಿರಣ್ ವಾಪಸ್ ಬಂದಾಗ ಬೆರಳಿಟ್ಟು ತೋರಿಸಿ, ಈ ಎರಡು ಏನು ಎಂದು ಕೇಳಿದೆ.

"ಎರಡು ಪಾಳಿ ಮೇಡಂ. ಹೆಡ್ ಆಫೀಸಿನವರು ಹಂಗ ಪಟ್ಟಿ ಮಾಡ್ಯಾರ."

"ಹನ್ನೆರಡು ವರ್ಷ ದಿನಾ ಎರಡು ಪಾಳಿ? ಪಕ್ಕೀರಪ್ಪ ಮನುಷ್ಯನಾ, ಬುಲ್ಡೋಜರಾ?"

ಹಾಳೆ ತಿರುವಿ ಹಿಂಬದಿ ತೋರಿಸಿದೆ. ಅವನ ಮುಖ ಇಳಿಯಿತು. ಹಿಂಬದಿಯಲ್ಲಿ ಹೆಬ್ಬೆಟ್ಟುಗಳಿರುವುದು ಅವನಿಗೆ ಮೊದಲೇ ಗೊತ್ತಿತ್ತು ಎಂದು ಆಗ ನನಗೆ ಗೊತ್ತಾಯಿತು.

"ಬಿಡ್ರಿ ಮೇಡಂ," ಎಂದ ತಗ್ಗಿದ ದನಿಯಲ್ಲಿ. "ಅದು ಯಾವನೋ ಟೈಮ್ ಕೀಪರ್ ತನ್ನ ಖುಷಿಗೆ ಮಾಡಿದ್ದು. ಕಂಪನಿ ಫಾರಂ ಅಲ್ಲ ಅದು. ಹಿಂದಿಂದೂ ಫಿಲ್ಮ್ ಆದ್ರ ಈ ತಾಲೂಕಿನ ಹೆಂಗಸರೆಲ್ಲ ನಾಳೆ ಬಂದು ನಿಂತಕೊಂತಾರ. ನನಗೂ ಮ್ಯಾಲಿನವರು ಅದಾರ್ರಿ."

ಮೇಲಿನವರು ಎಲ್ಲರಿಗೂ ಇರುತ್ತಾರೆ. ನನಗೆ ಬಂದ ಸಿಟ್ಟನ್ನು ನುಂಗಿಕೊಂಡು ಆಗಲಿ ಎಂದೆ. ನಾನು ಆಗಲಿ ಎಂದರೆ ಅದಕ್ಕೆ ಒಪ್ಪಿಗೆ ಎಂದು ಅರ್ಥವಲ್ಲ, ಮಾತು ಮುಗಿಯಿತು ಎಂದು ಅರ್ಥ. ನನ್ನ ಗಂಡನಿಗೆ ಇದು ಚೆನ್ನಾಗಿ ಗೊತ್ತು. ಪಾಪ, ಕಿರಣ್‌ಗೆ ಗೊತ್ತಿರಲಿಲ್ಲ.

ಮರುದಿನದಿಂದ ಎರಡೂ ಬದಿ ತೆಗೆದೆ. ಮುಂಬದಿಗೆ ಒಮ್ಮೆ ಪೆಡಲು, ತಿರುವಿ ಹಿಂಬದಿಗೆ ಒಮ್ಮೆ. ಮುಗಿಸಿದ್ದ ಹನ್ನೊಂದು ರೋಲುಗಳ ಕಟ್ಟುಗಳನ್ನು ಮತ್ತೆ ಬಿಚ್ಚಿಸಿ, ಅವುಗಳ ಹಿಂಬದಿಗೆ ಬೇರೆ ರೋಲು ಹಾಕಿದೆ. ಫಿಲ್ಮಿಗೆ ಕೊರತೆ ಇರಲಿಲ್ಲ. ಟೆಂಡರಿನಲ್ಲಿ ಯಾರೋ ಪುಣ್ಯಾತ್ಮರು ಹಾಳೆ ಎಣಿಸುವ ಬದಲು ಹಾಳೆಗೆರಡು ಪುಟದಂತೆ ಲೆಕ್ಕ ಹಿಡಿದು ತರಿಸಿದ್ದರು. ಸಮಯಕ್ಕೆ ಮಾತ್ರ ಕೊರತೆ. ಬೆಳಗಿನ ಚಹಾ ಬಿಟ್ಟೆ, ಸಂಜೆಯ ಚಹಾ ಬಿಟ್ಟೆ, ಊಟದ ಡಬ್ಬಿಯನ್ನು ನಿಂತೇ ಮುಗಿಸಿದೆ. ಕಿರಣ್ ಶನಿವಾರಕ್ಕೊಮ್ಮೆ ಬಂದು ರೋಲಿನ ಡಬ್ಬಿಗಳನ್ನು ಎಣಿಸಿ, "ಮಸ್ತ್ ನಡದೈತ್ರಿ ಮೇಡಂ" ಎಂದು ಹೋಗುತ್ತಿದ್ದ.

ಆ ದಿನಗಳಲ್ಲಿ ಮುದುಕಮ್ಮನ ಹೆಬ್ಬೆಟ್ಟನ್ನು ನಾನು ಸುಮಾರು ಮುನ್ನೂರು ಸಲ ನೋಡಿದೆ. ಎಪ್ಪತ್ತಾರರಲ್ಲಿ ಅದರ ಗೆರೆಗಳು ಒಂದೊಂದೂ ಎದ್ದು ಕಾಣುತ್ತಿದ್ದವು, ಹದಿನೇಳು ವರ್ಷದ ಹುಡುಗಿಯ ಬೆರಳು. ಎಪ್ಪತ್ತೊಂಬತ್ತಕ್ಕೆ ನಡುವಿನ ಗೆರೆಗಳು ಸವೆದಿದ್ದವು. ಎಂಬತ್ತೊಂದರ ದೀಪಾವಳಿಯ ನಂತರ ಎರಡು ಹಾಳೆಗಳಲ್ಲಿ ಗುರುತೇ ಇಲ್ಲ, "ಬೆರಳಿಗೆ ಪೆಟ್ಟು" ಎಂದು ಅಂದಾನಪ್ಪ ಬರೆದಿದ್ದಾನೆ. ಅದಾದ ಮೇಲಿನ ಪ್ರತಿ ಗುರುತಿನಲ್ಲೂ ಓರೆಯಾಗಿ ಒಂದು ಬಿಳಿ ಗೀರು. ಎಂಬತ್ತೆಂಟರ ಕೊನೆಯ ಹಾಳೆಯಲ್ಲಿ ಗೆರೆ ಒಂದೂ ಇಲ್ಲ. ಬರೀ ನೇರಳೆ ಮಸಿ, ನಡುವೆ ಗೀರು. ಹನ್ನೆರಡು ವರ್ಷದಲ್ಲಿ ಕಲ್ಲು ಆ ಬೆರಳನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿತ್ತು. ನಾನು ಸುಲಭಕ್ಕೆ ಅಳುವವಳಲ್ಲ. ಅವತ್ತು ಗಾಜು ಒರೆಸುವ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡೆ.

ಒಪ್ಪಿಸುವ ದಿನ ಸೋಮವಾರ. ಅದರ ಹಿಂದಿನ ಶುಕ್ರವಾರ ಕಿರಣ್ ಬಂದು, ತೊಳೆದು ಒಣಗಿಸಿಟ್ಟಿದ್ದ ಒಂದು ರೋಲನ್ನು ಫಿಲ್ಮ್ ಓದುವ ಯಂತ್ರಕ್ಕೆ ಹಾಕಿದ. ನಲವತ್ತೇಳನೆಯದು, ಕೊನೆಯ ರೋಲು, ಇನ್ನೂ ನನ್ನ ಕ್ಯಾಮೆರಾದಲ್ಲೇ ಇತ್ತು. ಯಂತ್ರದ ಪರದೆಯ ಮೇಲೆ ಮೊದಲು ಮುಂಬದಿ ಬಂತು, ಆಮೇಲೆ ಹೆಬ್ಬೆಟ್ಟುಗಳು ಬಂದವು. ಅವನು ಹಿಡಿ ತಿರುಗಿಸುತ್ತಲೇ ಹೋದ. ಹೆಬ್ಬೆಟ್ಟುಗಳು ಬರುತ್ತಲೇ ಹೋದವು.

"ಏನ್ ಮಾಡೀರಿ ಮೇಡಂ?"

"ಕೆಲಸ ಮಾಡೀನಿ."

"ಇವನ್ನ ಕಟ್ ಮಾಡ್ರಿ."

"ಎಲ್ಲೆಲ್ಲಿ? ಒಂದು ರೋಲಿಗೆ ಮುನ್ನೂರು ಕಡೆ ಕತ್ತರಿ, ಮುನ್ನೂರು ಕಡೆ ಅಂಟು. ಒಂದೇ ಒಂದು ಅಂಟು ಇದ್ರೂ ದಾಖಲೆ ಕಚೇರಿಯವರು ರೋಲು ತಗೊಳ್ಳಂಗಿಲ್ಲ. ಷರತ್ತು ಓದ್ರಿ."

"ಹಂಗಾರ ಇದೆಲ್ಲ ಕೆಟ್ಟೈತಿ ಅಂತ ಬರದು ಹೊಸಾದು ಹೊಡೀರಿ."

"ಕಚ್ಚಾ ಫಿಲ್ಮಿನ ಪ್ರತಿ ಡಬ್ಬಿಗೂ ನಂಬರ್ ಐತಿ. ಕೆಟ್ರ ಯಾಕ ಕೆಟ್ಟಿತು ಅಂತ ನಾನೇ ಬರಿಬೇಕು. ಒಂದು ಚಿತ್ರಾನೂ ಕೆಟ್ಟಿಲ್ಲ. ನಾ ಬರಿಯಂಗಿಲ್ಲ."

ಅವನು ಕುರ್ಚಿಯಲ್ಲಿ ಕುಸಿದು ಕೂತ. ನಾನು ಮೇಜಿನ ಮೇಲಿದ್ದ ಪ್ರಮಾಣಪತ್ರ ಎತ್ತಿ ಅವನ ಮುಂದೆ ಹಿಡಿದೆ. ನಮ್ಮ ಕೆಲಸದಲ್ಲಿ ಪ್ರತಿ ರೋಲಿನ ಮೊದಲ ಚಿತ್ರದಲ್ಲಿ ಕ್ಯಾಮೆರಾ ನಡೆಸಿದವರ ಹೆಸರಿರುತ್ತದೆ. ಎಲ್ಲ ಮುಗಿದ ಮೇಲೆ ಅದೇ ಮನುಷ್ಯ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು, ಅದನ್ನೂ ಫಿಲ್ಮ್ ಮಾಡಬೇಕು. ಬೇರೆಯವರ ಸಹಿ ನಡೆಯುವುದಿಲ್ಲ. ಅದು ಇಲ್ಲದಿದ್ದರೆ ರೋಲುಗಳೆಲ್ಲ ಬರೀ ಪ್ಲಾಸ್ಟಿಕ್.

"ಏನಂತ ಐತಿ ಓದ್ರಿ," ಎಂದೆ.

ಅವನು ಓದಲಿಲ್ಲ. ನಾನೇ ಗಟ್ಟಿಯಾಗಿ ಓದಿದೆ. "ಬರಹ ಅಥವಾ ಗುರುತು ಇರುವ ಯಾವ ಪುಟವನ್ನೂ ಬಿಟ್ಟಿಲ್ಲವೆಂದು ಪ್ರಮಾಣ ಮಾಡುತ್ತೇನೆ." ಹಾಳೆ ಕೆಳಗಿಟ್ಟು ಹೇಳಿದೆ, "ಇದು ನನ್ನ ಹೆಸರಿನ ಮ್ಯಾಲೆ ಹೋಗೋದು ಸರ. ಸುಳ್ಳಿಗೆ ನಾ ಸಹಿ ಹಾಕಂಗಿಲ್ಲ. ಬ್ಯಾರೆಯವರನ್ನ ಕರಸ್ರಿ, ಮೊದಲಿಂದ ಹೊಡಸ್ರಿ. ಮೂರು ತಿಂಗಳು ಹಿಡೀತೈತಿ. ನಿಮಗ ಮೂರು ದಿನ ಐತಿ."

"ನಿಮ್ಮ ಕೆಲಸ ಹೋಗತೈತ್ರಿ."

"ಹೋಗಲಿ."

ಅಷ್ಟು ಸಲೀಸಾಗಿ ಆ ಮಾತು ನನ್ನ ಬಾಯಿಂದ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಹೆದರಿಕೆ ಇತ್ತು, ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು.

ಕಿರಣ್ ಹೊರಗೆ ಹೋಗಿ ಫೋನು ಹಿಡಿದ. ಅಂಗಳದಲ್ಲಿ ಒಂದು ಗಂಟೆ ಅತ್ತಿಂದಿತ್ತ ಓಡಾಡಿದ. ಗುತ್ತಿಗೆ ನಿಂತರೆ ಎಷ್ಟು ನಷ್ಟವೆಂದು ಅವನ ಮೇಲಿನವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಳಗೆ ಬಂದಾಗ ಅವನ ಅಂಗಿಯ ಇಸ್ತ್ರಿ ಮೊದಲ ಸಲ ಕೆಟ್ಟಿತ್ತು.

"ಸಹಿ ಮಾಡ್ರಿ. ಹಿಂಬದಿ ಇರಲಿ ಅಂದ್ರು. ಸೋಮವಾರದಿಂದ ನೀವು ಬರಬ್ಯಾಡ್ರಿ." ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಆದ್ರೂ ಆಕಿಗೆ ಏನೂ ಉಪಯೋಗ ಇಲ್ಲ ಮೇಡಂ. ಮುದುಕಮ್ಮ ಅನ್ನೋ ಹೆಸರಿನವರು ಸಂಡೂರಾಗ ಎಷ್ಟು ಮಂದಿ ಅದಾರ! ಆ ಹೆಬ್ಬೆಟ್ಟು ಈಕೀದೇ ಅಂತ ಯಾರು ಹೇಳಬೇಕು? ನಮ್ಮ ವಕೀಲರು ಇದನ್ನ ಕೇಳ್ತಾರ."

ಅದನ್ನು ಅವನು ಬೆದರಿಸಲು ಹೇಳಿದನೋ, ದಾರಿ ತೋರಿಸಲು ಹೇಳಿದನೋ, ಇವತ್ತಿಗೂ ನನಗೆ ತಿಳಿದಿಲ್ಲ. ಹೇಳಿ ಹೋದ.

ಮುದುಕಮ್ಮನ ಮನೆ ಕಂಪನಿಯ ಗೇಟಿನಿಂದ ಎರಡೇ ಓಣಿ ಆಚೆ. ಆಟೋ ಮಾಡಿಕೊಂಡು ಹೋಗಿ ಕರೆದುತಂದೆ. ಅವಳು ಮೇಜಿನ ಮುಂದೆ ಕೂತಳು. ನಾನು ಎಂಬತ್ತೆಂಟರ ಕೊನೆಯ ಹಾಳೆಯನ್ನು ತಿರುವಿ ಕ್ಯಾಮೆರಾದ ಕೆಳಗಿಟ್ಟೆ.

"ಇದರಾಗ ನಿಂದು ಯಾವುದು ಯವ್ವಾ?"

ಅವಳಿಗೆ ಓದಲು ಬರುವುದಿಲ್ಲ. ಕಣ್ಣು ಸಣ್ಣ ಮಾಡಿ ಮೂರು ಸಾಲು ಹುಡುಕಿ, ಗೀರಿದ್ದ ಮಸಿಯ ಮೇಲೆ ಬೆರಳಿಟ್ಟಳು. "ಇದು. ಸುತ್ತಿಗಿ ಏಟು ಬಿದ್ದಿದ್ದು." ಬಲಗೈ ಹೆಬ್ಬೆರಳು ತೋರಿಸಿದಳು. ನಲವತ್ತು ವರ್ಷ ದಾಟಿದರೂ ಗಾಯದ ಗೀರು ಹಾಗೇ ಇತ್ತು. "ಈ ಬೆರಳನ್ನ ರೇಶನ್ ಅಂಗಡಿ ಮಷಿನ್ ಒಪ್ಪಂಗಿಲ್ಲ ತಂಗೀ. ಗೆರಿ ಇಲ್ಲ ಅಂತೈತಿ."

"ನನ್ನ ಮಷಿನ್ ಒಪ್ಪತೈತಿ. ತಾ ಇಲ್ಲಿ."

ಹೆಬ್ಬೆರಳಿಗೆ ಮಸಿ ಹಚ್ಚಿ ಒಂದು ಬಿಳಿ ಹಾಳೆಯ ಮೇಲೆ ಒತ್ತಿಸಿದೆ. ಅದನ್ನು ಹಳೆಯ ಗುರುತಿನ ಪಕ್ಕಕ್ಕಿಟ್ಟೆ. ಎರಡೂ ಗೀರು ಒಂದೇ ಓರೆ, ಒಂದೇ ಉದ್ದ. ಆಮೇಲೆ ಬೆರಳು ಒರೆಸಿಕೊಳ್ಳಲು ಹೇಳಿ, ಕೈಯನ್ನು ಮೇಲ್ಮುಖ ಮಾಡಿ ಆ ಎರಡರ ಪಕ್ಕ ಇಡಿಸಿದೆ. ಅವತ್ತಿನ ತಾರೀಖು ಬರೆದ ಚೀಟಿಯನ್ನೂ ಇಟ್ಟೆ. ಗಾಜು ಇಳಿಸಲಿಲ್ಲ. ದೀಪದ ಬಿಸಿಗೆ ಅವಳು ಕೈ ಹಿಂದೆ ತೆಗೆಯಲಿಲ್ಲ.

"ಅಲ್ಲಾಡಬ್ಯಾಡ ಯವ್ವಾ. ಕೆಮ್ಮು ತಡಕೋ."

ಅವಳು ಉಸಿರು ಹಿಡಿದಳು. ಆ ಎದೆಗೆ ಉಸಿರು ಹಿಡಿಯುವುದೆಂದರೆ ಏನೆಂದು ನನಗೆ ಗೊತ್ತಿತ್ತು, ಬೇಗ ಪೆಡಲು ಒತ್ತಿದೆ. ಗಾಜಿನ ಮೇಲೆ ಕೂತ ದೂಳನ್ನು ನಾನು ಬಟ್ಟೆಯಿಂದ ಒರೆಸಬಲ್ಲೆ, ಅವಳ ಒಳಗೆ ಕೂತದ್ದನ್ನು ಒರೆಸಲಾರೆ. ನನ್ನ ಕೈಲಿ ಆಗುವುದು ಇಷ್ಟೇ ಇತ್ತು, ಇಷ್ಟನ್ನು ಮಾಡದೆ ಬಿಡುವವಳಾಗಿರಲಿಲ್ಲ. ಪ್ರಮಾಣಪತ್ರಕ್ಕೆ ಸಹಿ ಮಾಡಿ ಅದನ್ನೂ ತೆಗೆದೆ. ಮುಕ್ತಾಯ ಎಂಬ ಫಲಕ ಇಟ್ಟು ಕೊನೆಯ ಸಲ ಪೆಡಲು ಒತ್ತಿದೆ. ಒಂದು ಚೀಟಿಯಲ್ಲಿ "ರೋಲ್ ೪೭, ಚಿತ್ರ ೫೮೮" ಎಂದು ಬರೆದು ಅವಳ ಕೈಗಿಟ್ಟೆ.

"ಇದನ್ನ ಕಳಕೊಬ್ಯಾಡ. ಯಾರರ ಇಲ್ಲ ಅಂದ್ರ ಈ ನಂಬರ್ ತೋರಸು. ಅವರೇ ತಗದು ನೋಡಬೇಕು, ನೋಡಲೇಬೇಕು."

ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ತಾಳಿಯ ದಾರ ಇರುತ್ತಿದ್ದ ಜಾಗದಲ್ಲಿ, ಕುಪ್ಪಸದೊಳಗೆ ಇಟ್ಟುಕೊಂಡಳು.

ಸೋಮವಾರ ರೋಲುಗಳು ಹೋದವು. ಮಂಗಳವಾರ ಲಾರಿ ಬಂದು ಕಾಗದ ಒಯ್ದಿತು. ಕಂಪನಿಯ ಉಳಿದ ದಾಖಲೆಗಳನ್ನೂ ನಾನೇ ಫಿಲ್ಮ್ ಮಾಡಬೇಕೆಂಬ ಮಾತಿತ್ತು, ಆ ಕೆಲಸವೂ ಹೋಯಿತು. ಆರು ತಿಂಗಳು ಹೊಸಪೇಟೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತೆ. ಅಲ್ಲಿಗೂ ಜನ ಬರತೊಡಗಿದರು. ತೋರಣಗಲ್ಲಿನಿಂದ, ದೋಣಿಮಲೈ ಕಡೆಯ ಹಳ್ಳಿಗಳಿಂದ, ಎದೆ ಹಿಡಿದುಕೊಂಡ ಮುದುಕಿಯರು. ಹೆಸರು, ಗಂಡನ ಹೆಸರು ಕೇಳಿ, ಕೆಲಸದ ಜೊತೆಗೇ ನಾನು ಬರೆದಿಟ್ಟುಕೊಂಡಿದ್ದ ರೋಲುಗಳ ಪಟ್ಟಿ ನೋಡಿ ಒಬ್ಬೊಬ್ಬರಿಗೂ ನಂಬರ್ ಬರೆದುಕೊಟ್ಟೆ. ಈವರೆಗೆ ಅರವತ್ತೊಂದು ಚೀಟಿ. ಮುದುಕಮ್ಮನ ಕಾರ್ಡು ಶ್ರಾವಣದಲ್ಲಿ ಬಂತು. ಕೆಮ್ಮು ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಮನೆಯಲ್ಲಿ ಉಸಿರಿನ ಯಂತ್ರ ಇದೆ, ರಾತ್ರಿ ಮಲಗಿ ನಿದ್ದೆ ಮಾಡುತ್ತಾಳೆ.

ಕಾರ್ಡು ಬರುವ ಮೊದಲು ನನಗೆ ದಾಖಲೆ ಕಚೇರಿಯಿಂದ ಒಂದು ಕಾಗದ ಬಂದಿತ್ತು. ರೋಲುಗಳನ್ನು ಪರೀಕ್ಷಿಸಿದ ಅಧಿಕಾರಿ ನಿಯಮದ ಪ್ರಕಾರ ದೋಷಗಳ ಪಟ್ಟಿ ಕಳಿಸಿದ್ದರು. ನಲವತ್ತೇಳು ರೋಲುಗಳಲ್ಲಿ ಸಿಕ್ಕಿದ್ದು ಒಂದೇ ದೋಷ. "ರೋಲ್ ೪೭, ಚಿತ್ರ ೫೮೮ರಲ್ಲಿ ಬೆರಳು ಬಿದ್ದಿದೆ. ಯಾರ ಬೆರಳು? ಕಾರಣ ತಿಳಿಸಿ."

ಉತ್ತರ ಬರೆಯಲು ಎರಡು ಗೆರೆ ಜಾಗ ಬಿಟ್ಟಿದ್ದರು. ನನಗೆ ಒಂದೇ ಸಾಕಾಯಿತು.

"ಮುದುಕಮ್ಮ, ಅದಿರು ಒಡೆಯುವ ಕೆಲಸ, ೧೯೭೬ರಿಂದ ೧೯೮೮ರವರೆಗೆ ಹಾಜರ್."